ಹತ್ತೊಂಬತ್ತು ಜೊತೆ ಚಪ್ಪಲಿ

ಡಬ್ಬದ ತಳದಲ್ಲಿ ನಾಲ್ಕು ಚಮಚ ಹಾಲಿನ ಪುಡಿ ಉಳಿದಿತ್ತು. ದಬ್ಬಳಣ್ಣ ಡಬ್ಬವನ್ನು ಬೆಳಕಿಗೆ ಓರೆ ಮಾಡಿ ನನಗೆ ತೋರಿಸಿದ. ಮೂರೂವರೆ ಚಮಚ ಅಂತ ನನಗೆ ಅನ್ನಿಸಿತು.

“ಮಧ್ಯಾಹ್ನದವರ್ಗೂ ಆಗುತ್ತಲ್ವಾ?” ಅಂದ.

“ಆಗುತ್ತೆ. ಅಷ್ಟರೊಳಗೆ ಹೊಸ ಡಬ್ಬ ತಂದಿರ್ತೀವಿ. ನಡಿ, ಸೈರನ್ ಆಗೋ ಹೊತ್ತಾಯ್ತು.”

ಕೂಸಿಗೆ ಎರಡು ತಿಂಗಳು ತುಂಬಿ ಹನ್ನೊಂದು ದಿನ. ಅದರ ತಾಯಿ, ಅಂದರೆ ದಬ್ಬಳಣ್ಣನ ಮಗಳು, ಜ್ವರ ಬಂದು ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು. ಮೈತುಂಬ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡವರು ಬಂದು, ಎದೆಗೆ ಕಚ್ಚಿದ್ದ ಕೂಸನ್ನು ಬಿಡಿಸಿ ಅಜ್ಜನ ಕೈಗೆ ಕೊಟ್ಟು, ಅವಳನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಅಳಿಯ ಲಾರಿ ಡ್ರೈವರ್. ರಸ್ತೆ ಮುಚ್ಚಿದಾಗ ಎಲ್ಲಿದ್ದನೋ ಅಲ್ಲೇ ಸಿಕ್ಕಿಹಾಕಿಕೊಂಡ. ಕೂಸಿನ ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು. ಮೊದಲ ದಿನ ತಿಳಿಯದೆ ದನದ ಹಾಲು ಕಾಯಿಸಿ ಕುಡಿಸಿದ್ದಕ್ಕೆ ಕೂಸು ನೀರು ನೀರಾಗಿ ಭೇದಿ ಮಾಡಿಕೊಂಡು ಬಾಡಿಹೋಯಿತು. ಆಸ್ಪತ್ರೆಯ ನರ್ಸಮ್ಮ ವಾರಕ್ಕಾಗುವಷ್ಟು ಹಾಲಿನ ಪುಡಿ ಕಳಿಸಿ, ಫೋನಿನಲ್ಲಿ ಚೆನ್ನಾಗಿ ಬೈದಳು. “ಪುಡಿ ಹಾಲು ಬಿಟ್ಟು ಬೇರೆ ಒಂದು ತೊಟ್ಟೂ ಕೊಡಬೇಡಿ. ಇನ್ನೊಂದು ಸಲ ಹಿಂಗಾದ್ರೆ ಮಗು ತಡಿಯಲ್ಲ.” ಆ ಮಾತು ಕೇಳಿದಾಗಿನಿಂದ ದಬ್ಬಳಣ್ಣ ಸರಿಯಾಗಿ ಉಂಡಿರಲಿಲ್ಲ.

ನಾನು ಇಸ್ತ್ರಿ ಗಾಡಿಯವಳು. ಅವನು ಚಪ್ಪಲಿ ಹೊಲಿಯುವವನು. ಹದಿನೇಳು ವರ್ಷದಿಂದ ಒಂದೇ ಮರದ ನೆರಳಿನಲ್ಲಿ ಅವನ ಪೆಟ್ಟಿಗೆ, ನನ್ನ ಗಾಡಿ. ವಾಸವೂ ಒಂದೇ ವಠಾರದಲ್ಲಿ, ನಡುವೆ ಒಂದು ಗೋಡೆ. ಕೈಯಲ್ಲಿ ಸದಾ ದಬ್ಬಳ ಇರುತ್ತಿದ್ದುದರಿಂದ ಅವನಿಗೆ ಆ ಹೆಸರು. ರೋಗ ಬಂದು ಊರು ಬಾಗಿಲು ಹಾಕಿಕೊಂಡ ಮೇಲೆ ಇಬ್ಬರ ಕಸುಬೂ ಒಟ್ಟಿಗೇ ಮಲಗಿತು. ಮನೆಯೊಳಗೇ ಕೂತವರಿಗೆ ಇಸ್ತ್ರಿ ಯಾಕೆ ಬೇಕು? ನಡೆಯುವವರೇ ಇಲ್ಲದ ಮೇಲೆ ಚಪ್ಪಲಿ ಹರಿಯುವುದಾದರೂ ಹೇಗೆ?

ನಡೆಯುವವರು ಇರಲಿಲ್ಲ ಅಂದದ್ದು ಸುಳ್ಳು. ನಡೆಯುವವರು ಹೆದ್ದಾರಿಯಲ್ಲಿದ್ದರು. ಕಟ್ಟಡದ ಕೆಲಸದವರು, ಕಾರ್ಖಾನೆಯವರು, ಕೆಲಸ ನಿಂತ ಮೇಲೆ ಬಾಡಿಗೆ ಕಟ್ಟಲಾಗದೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹುಟ್ಟಿದೂರಿನ ಕಡೆ ಹೊರಟಿದ್ದರು. ಬಸ್ಸಿಲ್ಲ, ರೈಲಿಲ್ಲ. ಎಷ್ಟೋ ಜನರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಆಗಲೇ ಅಂಗಡಿಯ ಗುಮಾಸ್ತ ನಮ್ಮ ವಠಾರಕ್ಕೆ ಬಂದದ್ದು.

ಆ ಅಂಗಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎಣ್ಣೆ, ಸೋಪು, ಹಾಲಿನ ಪುಡಿ ಎಲ್ಲಿಯೂ ಸಿಗದೆ ಜನ ಬಡಿದಾಡಲು ಶುರು ಮಾಡಿದಾಗ, ಮೇಲಿನವರು ಒಂದೊಂದು ಬಡಾವಣೆಗೆ ಒಂದೊಂದು ಅಂಗಡಿ ಗೊತ್ತು ಮಾಡಿದರು. ಅಲ್ಲಿ ಮಾತ್ರ ಈ ಮೂರು ಸಾಮಾನು, ಪೊಟ್ಟಣದ ಮೇಲೆ ಅಚ್ಚಾಗಿದ್ದ ಬೆಲೆಗೇ ಕೊಡಬೇಕು, ಮನೆಗೆ ಒಂದು. ನಮ್ಮ ಪಾಲಿಗೆ ಬಂದವನು ಮೂಲೆಯಂಗಡಿಯ ಸಾಹುಕಾರ. ದೊಡ್ಡ ಹೊಟ್ಟೆ, ಸಣ್ಣ ದನಿ. ಬೈಯುವಾಗಲೂ ಮೆಲ್ಲಗೆ ಬೈಯುತ್ತಿದ್ದ. ಗಟ್ಟಿಯಾಗಿ ಬೈಯಲು ಗುಮಾಸ್ತನನ್ನು ಇಟ್ಟುಕೊಂಡಿದ್ದ.

ಆ ಗುಮಾಸ್ತ ಬಂದು ಹೇಳಿದ, “ಸಾಹುಕಾರ್ರು ನಡಕೊಂಡು ಹೋಗೋರಿಗೆ ಚಪ್ಪಲಿ ದಾನ ಮಾಡ್ತಿದ್ದಾರೆ ಕಣಯ್ಯ. ನಿನ್ ಹತ್ರ ಹಳೇವು ಇದಾವಂತಲ್ಲ?”

ಇದ್ದವು. ರಿಪೇರಿಗೆ ಕೊಟ್ಟು ಮರೆತವರು, ಊರು ಬಿಟ್ಟವರು, ಕೂಲಿ ಕೊಡಲಾರದೆ ಆ ಬೀದಿಗೇ ಬಾರದವರು, ಅವರವೆಲ್ಲ ಒಂದು ಗೋಣಿಚೀಲದಲ್ಲಿದ್ದವು. ದಬ್ಬಳಣ್ಣ ಒಂದನ್ನೂ ಮಾರಿರಲಿಲ್ಲ. ಅವನಿಗೊಂದು ಪದ್ಧತಿ. ರಿಪೇರಿಯಾದ ಚಪ್ಪಲಿಯ ಎಡಗಾಲು ಬಲಗಾಲನ್ನು ಪಕ್ಕಪಕ್ಕ ಇಟ್ಟು, ಹಿಮ್ಮಡಿಯ ಹತ್ತಿರ ಒಳಮಗ್ಗುಲಿಗೆ, ಮೇಣ ಹಚ್ಚಿದ ದಾರದಲ್ಲಿ ಒಂದೇ ಒಂದು ಹೊಲಿಗೆ ಹಾಕಿ ಎರಡನ್ನೂ ಜೋಡಿಸಿಬಿಡುತ್ತಿದ್ದ. ಯಾರದೋ ಎಡಗಾಲು ಯಾರದೋ ಬಲಗಾಲಿನ ಜೊತೆ ಸೇರಬಾರದು ಅಂತ. ಚಪ್ಪಲಿಯವರು ಬಂದು ಕೂಲಿ ಕೊಟ್ಟಾಗ ಚಾಕುವಿನಿಂದ ದಾರ ಕತ್ತರಿಸಿ ಕೊಡುವುದು.

“ಗಂಡ ಹೆಂಡ್ತಿಗೂ ಇಷ್ಟು ಗಟ್ಟಿ ಗಂಟು ಹಾಕಲ್ಲ ಕಣಣ್ಣ,” ಅಂತ ನಾನು ಛೇಡಿಸುತ್ತಿದ್ದೆ.

“ಗಂಡ ಹೆಂಡ್ತಿ ನನ್ ಹತ್ರ ರಿಪೇರಿಗೆ ಬರಲ್ಲವಲ್ಲ, ಏನ್ಮಾಡ್ಲಿ?” ಅನ್ನುತ್ತಿದ್ದ.

ನಡೆಯುವವರಿಗೆ ಅಂದ ಕೂಡಲೇ ಅವನು ಚೀಲ ಎಳೆದು ತಂದ. ಗುಮಾಸ್ತ ಬೆಲೆ ಕೇಳಿದ. “ನಡೆಯೋರಿಗೆ ತಾನೆ? ಹಂಗಾದ್ರೆ ದುಡ್ಡು ಬೇಡ ಸ್ವಾಮಿ,” ಅಂದ. ಅವತ್ತು ಅವನ ಮನೆಯಲ್ಲಿ ಒಲೆ ಹಚ್ಚಿದ್ದು ಒಂದೇ ಹೊತ್ತು. ಕೊಡುವ ಕೈಯೇನೋ ದೊಡ್ಡದು, ಒಳಗೆ ಹಿಟ್ಟಿನ ಡಬ್ಬ ಖಾಲಿ.

“ಸ್ವಲ್ಪ ಇರಿ, ದಾರ ಕತ್ತರಿಸಿಕೊಡ್ತೀನಿ,” ಅಂದ.

“ಬಿಡಯ್ಯ, ಟೈಮಿಲ್ಲ. ನಾವೇ ಕತ್ತರಿಸ್ಕೋತೀವಿ,” ಅಂತ ಗುಮಾಸ್ತ ಚೀಲ ಹೊರಿಸಿಕೊಂಡು ಹೋದ.

ಮರುದಿನ ಪೇಪರಿನಲ್ಲಿ ಫೋಟೋ ಬಂತು. ಸಾಹುಕಾರ ಕೈಮುಗಿದು ನಿಂತಿದ್ದಾನೆ, ಮುಂದೆ ಚಪ್ಪಲಿಯ ರಾಶಿ. ಆ ಫೋಟೋಕ್ಕೆಂದು ದಬ್ಬಳಣ್ಣನನ್ನೂ ಕರೆಸಿದ್ದರು. ಪೇಪರಿನಲ್ಲಿ ಅವನ ಮೊಣಕೈ ಮಾತ್ರ ಇತ್ತು.

ಇದೆಲ್ಲ ಆಗಿ ಹದಿನೈದು ದಿನ. ಈಗ ಅದೇ ಅಂಗಡಿಯ ಮುಂದೆ ನಮ್ಮ ಸಾಲು.

ಬೆಳಿಗ್ಗೆ ಆರರ ಸೈರನ್ ಆಗುವವರೆಗೆ ಹೊಸ್ತಿಲು ದಾಟಿದರೆ ಲಾಠಿ. ಆದಮೇಲೆ ಓಟ. ಅಂಗಡಿಯ ಗೋಡೆಯುದ್ದಕ್ಕೂ ಸುಣ್ಣದಲ್ಲಿ ಬಳೆ ಬರೆದಂತೆ ಸುತ್ತು ಬರೆದು ನಂಬರ್ ಹಾಕಿದ್ದರು. ಸಿಕ್ಕಿದ ಸುತ್ತಿನಲ್ಲಿ ಚಪ್ಪಲಿ ಬಿಟ್ಟು, ನಂಬರ್ ನೆನಪಿಟ್ಟುಕೊಂಡು, ರಸ್ತೆಯಾಚೆ ಹಗ್ಗದ ಹಿಂದೆ ಹೋಗಿ ನಿಲ್ಲಬೇಕು. ಜನ ಜನಕ್ಕೆ ಅಂಟಬಾರದು, ಅದಕ್ಕೆ ಜನರ ಬದಲು ಚಪ್ಪಲಿ ನಿಲ್ಲುತ್ತಿದ್ದವು. ಒಂಬತ್ತಕ್ಕೆ ಷಟರ್ ಎತ್ತಿ ನಂಬರ್ ಕೂಗಿದಾಗ ಹೋಗಿ ಅವರವರ ಚಪ್ಪಲಿ ಮೆಟ್ಟಿಕೊಂಡು ಒಳಗೆ. ಇಪ್ಪತ್ತೈದರೊಳಗಿನ ನಂಬರಿನವರಿಗೆ ಅಂಗಡಿಯ ಎದುರಿಗೇ ನೆರಳಿನಲ್ಲಿ ಜಾಗ. ಉಳಿದವರು ತಿರುವಿನಾಚೆ ಬಿಸಿಲಿನಲ್ಲಿ.

ನಾವು ಯಾವಾಗ ಹೋದರೂ ಮೊದಲ ಹತ್ತೊಂಬತ್ತು ಸುತ್ತುಗಳಲ್ಲಿ ಚಪ್ಪಲಿ ಇದ್ದೇ ಇರುತ್ತಿತ್ತು. ಮೊದಲ ದಿನ ನಮಗೆ ಸಿಕ್ಕಿದ್ದು ಐವತ್ತೆಂಟು. ಎರಡನೇ ದಿನ ನಲವತ್ತೊಂದು. ಸೈರನ್ನಿಗೂ ಮುಂಚೆ ಇವರು ಹೇಗೆ ಬಂದರು ಅಂತ ಕೇಳಿದರೆ, ಸಾಲು ಕಾಯಲು ಹಾಕಿದ್ದ ಕಾವಲಿನವನು ಲಾಠಿ ನೆಲಕ್ಕೆ ಕುಟ್ಟಿ, “ಪಾಸ್ ಇರೋರು ಕಣ್ರೀ. ಆಸ್ಪತ್ರೆ ಡ್ಯೂಟಿಯವ್ರು. ನಿಮ್ಮ ಜೀವ ಉಳಿಸೋರು. ಸ್ವಲ್ಪ ಮರ್ಯಾದೆ ಇರ್ಲಿ,” ಅನ್ನುತ್ತಿದ್ದ. ನಾವು ಮರ್ಯಾದೆ ಇಟ್ಟುಕೊಂಡೆವು. ಷಟರ್ ಎತ್ತಿದ ಮೇಲೆ ಗುಮಾಸ್ತ ಪುಸ್ತಕ ಹಿಡಿದು, “ಒಂದರಿಂದ ಹತ್ತೊಂಬತ್ತು, ಹಿಂಬಾಗಿಲಲ್ಲಿ ಆಯ್ತು,” ಅಂತ ಕೂಗುತ್ತಿದ್ದ. ಹತ್ತೊಂಬತ್ತು ಡಬ್ಬ ಹಾಲಿನ ಪುಡಿ ಹಾಗೆಯೇ ಹೋಗುತ್ತಿತ್ತು.

“ಹತ್ತೊಂಬತ್ತು ಜನಕ್ಕೂ ಎದೆಕೂಸಾ?” ಅಂತ ನಾನು ಒಂದು ಸಲ ಗೊಣಗಿದ್ದೆ. ಸುತ್ತಲಿದ್ದವರು ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಆಸ್ಪತ್ರೆಯವರನ್ನು ಆಡಿಕೊಂಡೆ ಅಂತ.

ಮೂರನೇ ದಿನ ನಾವು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿದೆವು. ಐವತ್ತೈದು ವಯಸ್ಸಿನ ದಬ್ಬಳಣ್ಣ ನನಗಿಂತ ಮುಂದೆ ಓಡಿದ. ಅವನಿಗೆ ಇಪ್ಪತ್ತಮೂರು, ನನಗೆ ಇಪ್ಪತ್ತನಾಲ್ಕು. ಇಪ್ಪತ್ತರಲ್ಲಿ ಒಬ್ಬ ಹಮಾಲಿ. ಇಪ್ಪತ್ತೊಂದು, ಇಪ್ಪತ್ತೆರಡರಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಅಕ್ಕತಂಗಿಯರು. ಕೂಸನ್ನು ನನ್ನ ಅತ್ತೆಯ ಮಡಿಲಲ್ಲಿ ಬಿಟ್ಟು ಬಂದಿದ್ದೆವು.

ಎಂಟೂವರೆಗೆ ಸಾಮಾನಿನ ಗಾಡಿ ಬಂತು. ಕಾವಲಿನವನು ಎಣಿಸಿ ಹೇಳಿದ, “ಹಾಲಿನ ಪುಡಿ ಇವತ್ತು ಇಪ್ಪತ್ನಾಲ್ಕು ಡಬ್ಬ.”

ನನಗೆ ನಿಂತಲ್ಲೇ ಕುಣಿಯುವಷ್ಟು ಖುಷಿಯಾಯಿತು. “ಸಿಕ್ತು ಕಣಣ್ಣ! ನಿಂಗೊಂದು, ನಂಗೊಂದು. ನಂದೂ ಕೂಸಿಗೇ. ಹತ್ತು ದಿನ ಚಿಂತೆಯಿಲ್ಲ.”

ಅವನ ಕಣ್ಣಲ್ಲಿ ನೀರು ಬಂತು. ಮುಖಕ್ಕೆ ಕಟ್ಟಿದ್ದ ಬಟ್ಟೆಯಿಂದಲೇ ಒರೆಸಿಕೊಂಡ.

ಅದೇ ಹೊತ್ತಿಗೆ ಕಾವಲಿನವನು ಚಪ್ಪಲಿ ಸಾಲು ನೆಟ್ಟಗೆ ಮಾಡುತ್ತಾ ಬಂದ. ಗಾಡಿಯ ಚಕ್ರ ತಗುಲಿ ಹತ್ತೊಂಬತ್ತನೇ ಸುತ್ತಿನ ಚಪ್ಪಲಿ ಈಚೆ ಸರಿದಿತ್ತು. ಕೈಯಲ್ಲಿ ಮುಟ್ಟಿದರೆ ರೋಗ ಬರುತ್ತದೆಂದು ಅವನು ಲಾಠಿಯ ತುದಿಯನ್ನು ಪಟ್ಟಿಯೊಳಗೆ ತೂರಿಸಿ ಒಂದು ಕಾಲನ್ನು ಎತ್ತಿದ. ಒಂದರ ಜೊತೆ ಇನ್ನೊಂದೂ ಎದ್ದು ಬಂತು. ಬಂದು ಕೆಳಗೆ ಜೋತಾಡಿತು. ಅವನಿಗೆ ಅದೇನೂ ಹೊಳೆಯಲಿಲ್ಲ. ಎರಡನ್ನೂ ಸುತ್ತಿನೊಳಗೆ ಕೆಡವಿ ಮುಂದೆ ಹೋದ.

“ನೋಡಿದ್ಯಾ?” ಅಂದ ದಬ್ಬಳಣ್ಣ.

“ಏನನ್ನ?”

“ಒಂದೆತ್ತಿದ್ರೆ ಎರಡು ಬಂತು.”

ನನಗೆ ಕೂಡಲೇ ಅರ್ಥವಾಯಿತು. ಹದಿನೇಳು ವರ್ಷ ಆ ಹೊಲಿಗೆ ನೋಡಿದವಳು ನಾನು. ಹಗ್ಗದ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದೆ. ಹದಿನೆಂಟರಲ್ಲಿ ಇದ್ದದ್ದು ನೀಲಿ ಪಟ್ಟಿಯ ಚಪ್ಪಲಿ, ಕಪ್ಪು ದಾರ ಮುಗಿದಾಗ ನನ್ನ ಹತ್ತಿರ ಇಸಿದುಕೊಂಡ ಕೆಂಪು ದಾರದಲ್ಲಿ ಹೊಲಿದದ್ದು. ಹದಿನೇಳರಲ್ಲಿ ಒಬ್ಬ ಮೇಷ್ಟ್ರ ಚಪ್ಪಲಿ. ಅವರು ವರ್ಗವಾಗಿ ಹೋಗಿ ಮೂರು ವರ್ಷ.

“ಅವೆಲ್ಲ ನಾನು ಕೊಟ್ಟವು,” ಅಂದ. “ನಾನು ಕೊಟ್ಟಿದ್ದೂ ಹತ್ತೊಂಬತ್ತೇ.”

ಆಮೇಲೆ ನಾನು ಹೇಳಿದ ಮಾತನ್ನು ಮುಚ್ಚಿಡುವುದಿಲ್ಲ. ನಾಚಿಕೆಯಾದರೂ ಹೇಳಬೇಕು.

“ಸುಮ್ನಿರಣ್ಣ,” ಅಂದೆ. “ಬಾಯಿ ಬಿಡಬೇಡ. ಇವತ್ತು ನಿನ್ನ ನಂಬರ್ ಬಂದೇ ಬರುತ್ತೆ. ಡಬ್ಬ ತಗೊಂಡು ಮನೆಗೆ ಹೋಗಣ. ಆಮೇಲೆ ಆ ಸಾಹುಕಾರನ ಮುಖಕ್ಕೆ ಉಗಿಯುವಂತೆ.”

“ನಾಳೆ?”

“ನಾಳೆದು ನಾಳೆ. ಮನೇಲಿ ಕೂಸಿದೆ.”

“ಕೂಸಿದೆ ಅಂತಲೇ ಹೇಳ್ತಿದೀನಿ,” ಅಂದ. “ನಾನು ಹೊಲಿದ ಚಪ್ಪಲಿ ನಿಂತ್ಕೊಂಡು ನನ್ನ ಮೊಮ್ಮಗಳ ಹಾಲು ಕುಡೀತಿದೆ ಕಣೆ. ನಿನ್ನೆ, ಮೊನ್ನೆ, ದಿನಾ. ರೋಡಲ್ಲಿ ಸುಟ್ಟ ಕಾಲಿಗೆ ಅಂತ ಕೊಟ್ಟೆ ನಾನು.”

ನಾನು ಅವನ ಅಂಗಿ ಹಿಡಿದುಕೊಂಡೆ. ಬಿಡಿಸಿಕೊಂಡು ಹಗ್ಗದ ಕೆಳಗೆ ನುಸುಳಿ ರಸ್ತೆ ದಾಟಿಬಿಟ್ಟ.

“ಏ! ಎಲ್ಲಿಗೆ? ನಂಬರ್ ಕೂಗಿಲ್ಲ ಇನ್ನೂ!” ಕಾವಲಿನವನು ಓಡಿ ಬಂದ.

ದಬ್ಬಳಣ್ಣ ಅವನ ಕಡೆ ನೋಡಲೇ ಇಲ್ಲ. ಹತ್ತೊಂಬತ್ತರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಹೊಲಿಗೆ ಮುಟ್ಟಿ ನೋಡಿದ. ಹದಿನೆಂಟಕ್ಕೆ ಸರಿದ. ಹದಿನೇಳಕ್ಕೆ. ಅಂಗಡಿಯೊಳಗಿಂದ ಗುಮಾಸ್ತ ಈಚೆ ಬಂದ. ಇವನನ್ನು ನೋಡಿದ, ಇವನ ಬೆರಳು ಎಲ್ಲಿದೆ ಅಂತ ನೋಡಿದ. ಅವನ ಮುಖ ಬಿಳಿಚಿಕೊಂಡದ್ದು ನನಗೆ ರಸ್ತೆಯಾಚೆಯಿಂದಲೂ ಕಂಡಿತು. ಒಳಗೆ ಹೋಗಿ ಮರುಕ್ಷಣವೇ ಎರಡು ಡಬ್ಬಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದ.

“ಕೂಸಿಗೆ ಹುಷಾರಿಲ್ಲವಂತೆ,” ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸಾಹುಕಾರನೇ ಬಂದನೇನೋ ಅನ್ನಿಸಿತು. “ದುಡ್ಡೇನೂ ಬೇಡಪ್ಪ. ತಗೊಂಡು ಹೊರಡು. ನಾಳೆಯಿಂದ ಹಿಂಬಾಗಿಲಿಗೇ ಬಾ.”

ಎರಡು ಡಬ್ಬ. ನಾನು ಮನಸ್ಸಿನಲ್ಲೇ ಕೂಗಿದೆ, ತಗೋ, ತಗೋ, ತಗೊಂಡು ನಡಿ.

ತಗೊಂಡ. ಬಹಳ ಹೊತ್ತು ಡಬ್ಬದ ಮೇಲಿನ ಚಿತ್ರವನ್ನೇ ನೋಡಿದ. ಅದರ ಮೇಲೆ ಒಂದು ದುಂಡುಮುಖದ ಮಗು ನಗುತ್ತಿತ್ತು. ಆಮೇಲೆ ಎರಡೂ ಡಬ್ಬಗಳನ್ನು ಅಂಗಡಿಯ ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ. ಮೊದಲನೇ ಸುತ್ತಿಗೆ ಹೋದ. ಅಲ್ಲಿದ್ದ ಚಪ್ಪಲಿಯೊಳಗೆ ಎರಡೂ ಪಾದ ತೂರಿಸಿದ.

“ನೋಡ್ರಪ್ಪ,” ಅಂತ ನಮ್ಮ ಕಡೆ ತಿರುಗಿ ಕೂಗಿದ. “ಇವತ್ತು ಎಲ್ರಿಗಿಂತ ಮುಂಚೆ ಬಂದೋನು ನಾನು!”

ಒಂದು ಹೆಜ್ಜೆ ಎತ್ತಿದ. ದಬ್ಬನೆ ಮುಖ ಅಡಿಯಾಗಿ ಬಿದ್ದ.

ಜನ ಗೊಳ್ಳೆಂದು ನಕ್ಕರು. ತಿಂಗಳುಗಟ್ಟಲೆ ನಗದವರು. ಹಮಾಲಿಯಂತೂ ಹೊಟ್ಟೆ ಹಿಡಿದುಕೊಂಡ. ದಬ್ಬಳಣ್ಣ ಎದ್ದ, ಮೂಗಿನಿಂದ ರಕ್ತ ಬರುತ್ತಿತ್ತು. ಎರಡನೇ ಸುತ್ತಿನ ಚಪ್ಪಲಿಗೆ ಕಾಲು ತೂರಿಸಿದ. ಹೆಜ್ಜೆ ಎತ್ತಿದ. ಮತ್ತೆ ಬಿದ್ದ. ಈ ಸಲ ಕಡಿಮೆ ಜನ ನಕ್ಕರು. ಮೂರನೆಯದಕ್ಕೆ ಬಿದ್ದಾಗ ಯಾರೂ ನಗಲಿಲ್ಲ.

“ಎರಡೂ ಕಾಲು ಸೇರಿಸಿ ಹೊಲಿದಿದೆ,” ಅಂದ. ಒಂದು ಜೊತೆಯನ್ನು ಎತ್ತಿ ಹಿಡಿದು ಎಳೆದು ತೋರಿಸಿದ. “ನಾನೇ ಹೊಲಿದಿದ್ದು. ದಾರ ಕತ್ತರಿಸೇ ಇಲ್ಲ. ಇದನ್ನ ಹಾಕ್ಕೊಂಡು ಆಸ್ಪತ್ರೆಯಿಂದ ಯಾರು ನಡಕೊಂಡು ಬಂದ್ರು? ಹೇಳಿ ಸ್ವಾಮಿ! ಕುಪ್ಪಳಿಸ್ಕೊಂಡು ಬಂದ್ರಾ?”

ಕಾವಲಿನವನ ಲಾಠಿ ಬಿತ್ತು. ಬಲಗೈಗೆ, ದಬ್ಬಳ ಹಿಡಿಯುವ ಕೈಗೆ. ಎಲುಬಿಗೆ ಬಡಿದ ಸದ್ದು ನಮಗೆ ಕೇಳಿಸಿತು.

ಅಷ್ಟು ಹೊತ್ತು ಅವನನ್ನು ಸುಮ್ಮನಿರು ಅನ್ನುತ್ತಿದ್ದ ನಾನು ಯಾವಾಗ ಹಗ್ಗ ದಾಟಿದೆನೋ ನನಗೇ ಗೊತ್ತಿಲ್ಲ. ಕಾವಲಿನವನ ಎದುರು ನಿಂತಾಗ ನನ್ನ ಹಿಂದೆ ಹಮಾಲಿ ಇದ್ದ. ಅವನ ಹಿಂದೆ ಅಕ್ಕತಂಗಿಯರು. ತಿರುವಿನಾಚೆಯಿಂದ ಉಳಿದವರು. ಇದೇ ಕಣ್ಣಿನಿಂದ ಮೂರು ದಿನ ಆ ಚಪ್ಪಲಿಗಳಿಗೆ ಮರ್ಯಾದೆ ಕೊಟ್ಟೆವಲ್ಲ ಅನ್ನುವುದು ಎಲ್ಲರ ಮುಖದಲ್ಲೂ ಇತ್ತು.

“ಇನ್ನೊಂದೇಟು ಹೊಡಿ ನೋಡಣ,” ಅಂದೆ. “ಹೊಡಿ. ನಿನ್ನ ಮನೇಲೂ ಎಣ್ಣೆ ಇಲ್ಲ ಅಂತ ನಿನ್ನ ಹೆಂಡ್ತಿ ನಿನ್ನೆ ಎಪ್ಪತ್ತನೇ ನಂಬರಲ್ಲಿ ನಿಂತಿದ್ಲು. ಬರಿಗೈಲಿ ಹೋದ್ಲು. ಗೊತ್ತಾ ನಿಂಗೆ?”

ಅವನು ಲಾಠಿ ಇಳಿಸಿದ. ಅವನಿಗೆ ಗೊತ್ತಿತ್ತು.

ಸಾಮಾನು ಇಳಿಸಿಕೊಳ್ಳಲು ಎತ್ತಿದ್ದ ಷಟರನ್ನು ಗುಮಾಸ್ತ ಕೆಳಗೆಳೆಯತೊಡಗಿದ. ಹಮಾಲಿ ಹೋಗಿ ಅದರ ಕೆಳಗೆ ಹೆಗಲು ಕೊಟ್ಟು ನಿಂತ. ಕ್ವಿಂಟಲ್ ಮೂಟೆ ಹೊರುವ ಹೆಗಲು. ಷಟರ್ ಅಲ್ಲೇ ನಿಂತಿತು. ಒಳಗಿನಿಂದ ಸಾಹುಕಾರ ತನ್ನ ಸಣ್ಣ ದನಿಯಲ್ಲಿ, “ಇದೆಲ್ಲ ಚೆನ್ನಾಗಿರಲ್ಲಪ್ಪ. ದೂರ ದೂರ ನಿಂತ್ಕೊಳ್ಳಿ. ರೋಗ ಬರುತ್ತೆ,” ಅಂದ.

“ನಿಂತ್ಕೋತೀವಿ,” ಅಂದಳು ಅಕ್ಕತಂಗಿಯರಲ್ಲಿ ದೊಡ್ಡವಳು. “ಎಲ್ರೂ ನಿಮ್ಮ ನಿಮ್ಮ ಸುತ್ತಲ್ಲಿ ನಿಂತ್ಕೊಳ್ರೇ. ಚಪ್ಪಲಿ ಅಲ್ಲ, ನೀವು!”

ನಿಂತೆವು. ಒಂದರಿಂದ ಹತ್ತೊಂಬತ್ತರವರೆಗೆ ಖಾಲಿ ಇತ್ತು. ದಬ್ಬಳಣ್ಣ ಎಡಗೈಯಲ್ಲಿ ಒಂದೊಂದೇ ಜೊತೆಯನ್ನು ಹೆಕ್ಕಿ ತೆಗೆದಿದ್ದ. ಇಪ್ಪತ್ತನೆಯವನು ಒಂದನೆಯವನಾದ. ದಬ್ಬಳಣ್ಣ ನಾಲ್ಕನೆಯವನು, ನಾನು ಐದು. ಮೆಟ್ಟಿಲ ಮೇಲಿಟ್ಟಿದ್ದ ಎರಡು ಡಬ್ಬವನ್ನೂ ಸೇರಿಸಿ ಇಪ್ಪತ್ತನಾಲ್ಕೂ ಎಣಿಸಿ ಹೊರಗಿಡಿಸಿದೆವು. ಯಾರೂ ಕಿತ್ತುಕೊಳ್ಳಲಿಲ್ಲ. ಅಚ್ಚಾಗಿದ್ದ ಬೆಲೆ ಕೊಟ್ಟು ತಗೊಂಡೆವು. ಕೊನೆಯ ಡಬ್ಬ ಸಿಕ್ಕಿದ್ದು ನಲವತ್ತಮೂರನೇ ನಂಬರಿನ ಬಾಣಂತಿಗೆ. ಅವಳು ಡಬ್ಬವನ್ನು ಎದೆಗೊತ್ತಿಕೊಂಡು ಸುತ್ತಿನೊಳಗೇ ಕೂತು ಅತ್ತಳು. ಇಷ್ಟು ದಿನ ಇವು ಎಲ್ಲಿಗೆ ಹೋಗುತ್ತಿದ್ದವು ಅಂತ ನನಗೆ ಆಗ ಹೊಳೆಯಿತು. ನಾನು ಇಸ್ತ್ರಿ ಮಾಡಿಕೊಡುವ ಮೇಲಿನ ಬೀದಿಯ ಅಮ್ಮ ಫೋನಿನಲ್ಲಿ ಹೇಳಿದ್ದಳು, “ನಮಗೇನೂ ತೊಂದ್ರೆ ಇಲ್ಲಮ್ಮ, ಸ್ವಲ್ಪ ಜಾಸ್ತಿ ಕೊಟ್ರೆ ಅಂಗಡಿಯವ್ರೇ ಮನೆಗೆ ಕಳಿಸ್ತಾರೆ.” ಸ್ವಲ್ಪ ಅಂದರೆ ನಾಲ್ಕು ಪಟ್ಟು.

ಜೀಪು ಬರುವ ಹೊತ್ತಿಗೆ ದಬ್ಬಳಣ್ಣನ ಕೈಗೆ ಡಬ್ಬ ಬಂದಿತ್ತು. ಪೊಲೀಸರು ಯಾರನ್ನೂ ಏನನ್ನೂ ಕೇಳಲಿಲ್ಲ. ಗುಮಾಸ್ತ ಬೆರಳು ತೋರಿಸಿದ, ಅವರು ರಟ್ಟೆ ಹಿಡಿದರು. ಹತ್ತೊಂಬತ್ತು ಜೊತೆಯನ್ನೂ ಚೀಲಕ್ಕೆ ತುಂಬಿ ಜೀಪಿಗೆ ಹಾಕಿದರು.

“ನೀರು ಚೆನ್ನಾಗಿ ಕುದಿಸು,” ಅಂತ ಡಬ್ಬವನ್ನು ನನಗೆ ಕೊಟ್ಟ. “ಆರಿಸಿ ಕೊಡು. ಗಂಟಿಲ್ಲದಂಗೆ ಕಲಸು. ತಲೆ ಸ್ವಲ್ಪ ಎತ್ತಿ ಹಿಡಿ, ನೆತ್ತಿಗೇರುತ್ತೆ.”

“ನಂಗೆ ಹೇಳ್ಕೊಡ್ತೀಯಾ? ಮೂರು ಹೆತ್ತೋಳು ನಾನು,” ಅಂದೆ. ಅಂದು ಅತ್ತುಬಿಟ್ಟೆ.

ಕೂಸು ಪೂರ್ತಿ ಕುಡಿಯಿತು. ಒಂದು ತೇಗು ತೇಗಿ ನನ್ನ ಹೆಗಲ ಮೇಲೆ ಮಲಗಿತು. ಅದನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ ಸ್ಟೇಷನ್ನಿಗೆ ಓಡಿದೆ. ಆಗ ಮಧ್ಯಾಹ್ನ.

ದಬ್ಬಳಣ್ಣ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಲಗೈ ಊದಿ ಬೆರಳುಗಳು ಮಡಿಸಲಾಗದಂತಾಗಿದ್ದವು. ಗುಮಾಸ್ತನಿಗೆ ಕುರ್ಚಿ ಹಾಕಿದ್ದರು. ಸಾಹೇಬ ದೂರು ಓದುತ್ತಿದ್ದ. “ಅಂಗಡಿಯ ಮುಂದೆ ಗಿರಾಕಿಗಳು ಬಿಟ್ಟಿದ್ದ ಹತ್ತೊಂಬತ್ತು ಜೊತೆ ಪಾದರಕ್ಷೆಗಳನ್ನು ಕಳವು ಮಾಡಿ, ಜನರನ್ನು ಗುಂಪುಗೂಡಿಸಿ ರೋಗ ಹರಡಲು ಕಾರಣನಾಗಿ…” ಕಾಗದ ಕೆಳಗಿಟ್ಟು ಕೇಳಿದ, “ಯಾರ ಚಪ್ಪಲಿನೋ ಕದ್ದಿದ್ದು?”

“ನನ್ನವೇ ಸ್ವಾಮಿ.”

“ಹತ್ತೊಂಬತ್ತು ಜೊತೆ ನಿಂದಾ? ನೀನೇನು ಜರಿಹುಳನಾ?”

ಪೇದೆಗಳು ನಕ್ಕರು. ಗುಮಾಸ್ತನೂ ನಕ್ಕ.

“ನನಗೆ ಎರಡೇ ಕಾಲು ಸ್ವಾಮಿ,” ಅಂದ ದಬ್ಬಳಣ್ಣ. “ಆ ಚಪ್ಪಲಿಗಳಿಗೆ ಅದೂ ಇಲ್ಲ.”

“ಇವು ಯಾರವು ಅಂತ ಇವರನ್ನೇ ಕೇಳಿ ಸಾರ್,” ಅಂದೆ ನಾನು. “ಹತ್ತೊಂಬತ್ತು ಜನರ ಹೆಸರು ಹೇಳಲಿ. ಅವರನ್ನ ಕರೆಸಿ. ಬಂದು ಹಾಕ್ಕೊಂಡು ನಡೆಯಲಿ.”

“ನೀನ್ಯಾರು?”

“ಇಪ್ಪತ್ನಾಲ್ಕನೇ ನಂಬರ್.”

“ಹೊರಗೆ ನಡಿ.” ಸಾಹೇಬ ಹೆಸರೂ ಕೇಳಲಿಲ್ಲ, ಚೀಲವನ್ನೂ ಬಿಚ್ಚಿಸಲಿಲ್ಲ. “ಚಪ್ಪಲಿ ಹೊಲಿಯೋನು ಚಪ್ಪಲಿ ಕದ್ದ. ಇದರಲ್ಲಿ ಕೇಳೋದೇನಿದೆ? ಕೂರ್ಲಿ ಅಲ್ಲೇ. ಎರಡು ದಿನ ಕೂತ್ರೆ ಕೊಬ್ಬು ಇಳಿಯುತ್ತೆ.”

ಈಚೆ ಬಂದೆ.

ಈಚೆ ಬಂದು ನೋಡಿದರೆ, ಸ್ಟೇಷನ್ನಿನ ಗೇಟಿನಿಂದ ರಸ್ತೆಯ ತುದಿಯವರೆಗೆ ಚಪ್ಪಲಿಯ ಸಾಲು. ಇಟ್ಟಿಗೆ ಚೂರಿನಲ್ಲಿ ಸುತ್ತು ಬರೆದು, ಬೆಳಿಗ್ಗೆ ಇದ್ದ ನಂಬರಿನಂತೆಯೇ ಒಬ್ಬೊಬ್ಬರು ತಮ್ಮ ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದರು. ಒಬ್ಬರಿಗೊಬ್ಬರು ಒಂದೊಂದು ಮಾರು ದೂರ. ಮೊದಲಿಗೆ ಹಮಾಲಿ. ಅವನ ಹಿಂದೆ ಅಕ್ಕತಂಗಿಯರು. ಅವರ ಹಿಂದಿನ ಸುತ್ತಿನಲ್ಲಿ ದಬ್ಬಳಣ್ಣನ ಸವೆದ ಚಪ್ಪಲಿ. ಅಂಗಡಿಯ ಮುಂದೆ ಅವನು ಬಿಟ್ಟುಹೋಗಿದ್ದನ್ನು ದೊಡ್ಡವಳು ಎತ್ತಿಕೊಂಡು ಬಂದಿದ್ದಳು. ಅದರ ಹಿಂದಿನ ಸುತ್ತು ಖಾಲಿ ಇತ್ತು. ನನ್ನದು. ಹೋಗಿ ಚಪ್ಪಲಿ ಬಿಟ್ಟು ನಿಂತೆ. ಟಾರು ಕೆಂಡದ ಹಾಗೆ ಸುಟ್ಟಿತು.

ಪೇದೆಯೊಬ್ಬ ಈಚೆ ಬಂದ. “ಏನ್ರೋ ಇದು? ತೆಗೀರಿ! ಯಾರ ಚಪ್ಪಲಿ ಇವು?”

“ನಂದು ಸಾರ್,” ಅಂದ ಹಮಾಲಿ. ಚಪ್ಪಲಿ ಮೆಟ್ಟಿ ಎರಡು ಹೆಜ್ಜೆ ನಡೆದು ತೋರಿಸಿದ. ಹಿಂದಕ್ಕೆ ಬಂದು ಮತ್ತೆ ಬಿಟ್ಟು ಬರಿಗಾಲಲ್ಲಿ ನಿಂತ.

“ಇದು ನಂದು,” ಅಂದಳು ದೊಡ್ಡವಳು. ಮೆಟ್ಟಿದಳು, ನಡೆದಳು, ಬಿಟ್ಟಳು. ಚಿಕ್ಕವಳೂ ಹಾಗೆಯೇ ಮಾಡಿದಳು.

ಪೇದೆ ನಾಲ್ಕನೆಯ ಜೊತೆಯ ಹತ್ತಿರ ಬಂದು ನಿಂತ. ಅದರ ಪಕ್ಕದಲ್ಲಿ ಯಾರೂ ಇರಲಿಲ್ಲ.

“ಇದ್ಯಾರದ್ದು? ಇದಕ್ಕೆ ಜನ ಎಲ್ಲಿ?”

“ಒಳಗೆ ನೆಲದ ಮೇಲೆ ಕೂರಿಸಿದ್ದೀರಲ್ಲ ಸಾರ್,” ಅಂದೆ. “ಕಳಿಸಿ. ಅವನೂ ಹಾಕ್ಕೊಂಡು ನಡೆದು ತೋರಿಸ್ತಾನೆ. ಅಲ್ಲೀತನಕ ನಾವು ಇಲ್ಲೇ ಇರ್ತೀವಿ.”

ಅವನು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಸಾಲು ತಿರುವು ದಾಟಿ ಹೋಗಿತ್ತು, ಹಿಂದಿನಿಂದ ಇನ್ನೂ ಜನ ಬಂದು ಸುತ್ತು ಬರೆದುಕೊಳ್ಳುತ್ತಿದ್ದರು. ತಿರುಗಿ ಒಳಗೆ ಹೋದ. ಕಾಲು ಸುಡುತ್ತಿತ್ತು. ಯಾರೂ ಚಪ್ಪಲಿ ಮೆಟ್ಟಲಿಲ್ಲ.